ಗರ್ಡಾಡಿ ತಿರುವಿನ ನಿಲುಗಡೆ

ಗುರುವಾಯನಕೆರೆ
19 ಜುಲೈ 1998

ಪ್ರೀತಿಯ ಮಗಳು ಫಾಹಿಮಾಳಿಗೆ,

ಅಸ್ಸಲಾಮು ಅಲೈಕುಂ. ಈ ಕಾಗದವನ್ನು ನಾಳೆ ಬೆಳಿಗ್ಗೆ ನಮ್ಮ ಬಸ್ಸಿನ ಕಂಡಕ್ಟರನ ಕೈಯಲ್ಲೇ ಕಳಿಸುತ್ತೇನೆ. ನಿನ್ನ ಹಾಸ್ಟೆಲಿನ ವಾಚ್‌ಮನ್ ಹತ್ತಿರ ಕೊಡುತ್ತಾನೆ. ಅಂಚೆಗೆ ಹಾಕಿದರೆ ಮೂಡಬಿದಿರೆ ಮುಟ್ಟಲು ಮೂರು ದಿನ ಬೇಕು. ನಮ್ಮ ಬಸ್ಸು ಎಷ್ಟು ತಡವಾದರೂ ಆ ದಿನವೇ ಮುಟ್ಟುತ್ತದೆ.

ಬರೆಯಬೇಕಾದದ್ದೂ ಆ ತಡದ ವಿಷಯವೇ. ಮೊನ್ನೆ ಸಾರಿಗೆ ಕಚೇರಿಯಿಂದ ನೋಟಿಸು ಬಂತು. ನಮ್ಮ ನಂತರದ ಟೈಮಿಂಗಿನಲ್ಲಿ ಓಡುವ ಬಸ್ಸು ಬಂಟ್ವಾಳದ ಶೇಖರಣ್ಣನದ್ದು. ನಾವು ದಿನವೂ ತಡವಾಗಿ ಹೋಗಿ ಅವರ ಹೊತ್ತಿನ ಜನರನ್ನು ಹತ್ತಿಸಿಕೊಳ್ಳುತ್ತೇವೆ ಎಂದು ಅವರು ದೂರು ಕೊಟ್ಟಿದ್ದಾರೆ. ಸುಳ್ಳಲ್ಲ. ಹೀಗೇ ನಡೆದರೆ ಬೆಳಗಿನ ಟೈಮಿಂಗ್ ನಮ್ಮ ಕೈ ತಪ್ಪುತ್ತದೆ. ಅದು ಹೋದರೆ ಬಸ್ಸು ಇದ್ದೂ ಇಲ್ಲದ ಹಾಗೆ.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ವೇಣೂರಿನ ಒಬ್ಬರು ಬಂದು ಜಗಲಿಯಲ್ಲಿ ನಿಂತು ಆಡಿದ ಮಾತು. ಅವರ ಮಗಳಿಗೆ ಪರೀಕ್ಷೆ ಇತ್ತಂತೆ. ನಮ್ಮ ಬಸ್ಸು ಮುಟ್ಟುವಾಗ ಗೇಟು ಹಾಕಿಯಾಗಿತ್ತು. "ನಿಮ್ಮ ಬಸ್ಸು ನಂಬಿದ್ದೇ ತಪ್ಪಾಯ್ತು. ಅವಳದ್ದು ಒಂದು ವರ್ಷ ಹೋಯ್ತಲ್ಲ, ನೀವು ತಂದು ಕೊಡ್ತೀರಾ?" ಎಂದರು. ನಾನು ಬಾಗಿಲ ಹಿಂದೆ ನಿಂತು ಕೇಳಿದೆ.

ನಿನ್ನ ಬಾಪ ತೀರಿಹೋಗಿ ಎರಡು ವರ್ಷವಾಯಿತು. ಅವರ ಅಣ್ಣ ಶುಕೂರಾಕ ವಾರಕ್ಕೊಮ್ಮೆ ಬಂದು ಒಂದೇ ಮಾತು ಹೇಳುತ್ತಾರೆ: "ಪರ್ಮಿಟ್ ಮಾರಿಬಿಡುವ ಜುಲೈಕಾ. ಹೆಂಗಸು ಮನೆಯಲ್ಲಿ ಕೂತು ಬಸ್ಸು ನಡೆಸುವುದು ಎಲ್ಲಿ ಉಂಟು?" ತುಕ್ರಪ್ಪಣ್ಣ ಬಾಪನ ಕಾಲದ ಡ್ರೈವರ್. ಒಂದು ದಿನ ಕುಡಿದು ಬಂದವರಲ್ಲ, ಒಂದು ಕೋಳಿಗೂ ಬಸ್ಸು ತಾಗಿಸಿದವರಲ್ಲ. ಅವರಿಗೆ ನಾನು ಎಂತ ಹೇಳಲಿ?

ನೀನು ಓದುವುದು ಮ್ಯಾನೇಜ್‌ಮೆಂಟ್ ಅಲ್ಲವಾ? ನಿನ್ನ ಪುಸ್ತಕದಲ್ಲಿ ಇದಕ್ಕೇನಾದರೂ ಇದ್ದರೆ ನೋಡು. ನನಗೆ ಸುಸ್ತಾಗಿದೆ.

ನಿನ್ನ ಉಮ್ಮ,
ಜುಲೈಕಾ

&nbsp;

ಮೂಡಬಿದಿರೆ
26 ಜುಲೈ 1998

ಪ್ರೀತಿಯ ಉಮ್ಮಾ,

ಸಲಾಂ. ನಿನ್ನೆ ಕ್ಲಾಸು ತಪ್ಪಿಸಿದೆ, ಬೈಯಬೇಡಿ. ಮುಂಚಿನ ದಿನವೇ ಬೆಳ್ತಂಗಡಿಗೆ ಹೋಗಿ ಗೆಳತಿಯ ಮನೆಯಲ್ಲಿ ಉಳಿದು, ಬೆಳಿಗ್ಗೆ ರೂಟು ಶುರುವಾಗುವ ಲಾಯಿಲದಿಂದ ಮೂಡಬಿದಿರೆಯವರೆಗೆ ನಮ್ಮದೇ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಬಂದೆ. ತುಕ್ರಪ್ಪಣ್ಣನಿಗೆ ಗೊತ್ತಾದದ್ದು ಇಳಿಯುವಾಗ.

ಹೊತ್ತು ಎಲ್ಲಿ ಹೋಗುತ್ತದೆ ಎಂದು ನೋಡಿದೆ. ಬಸ್ಸು ನಿಧಾನ ಅಲ್ಲ ಉಮ್ಮಾ, ನಿಲ್ಲುವುದು ಹೆಚ್ಚು. ಕೈ ತೋರಿಸಿದಲ್ಲೆಲ್ಲ ನಿಲ್ಲಿಸುತ್ತಾರೆ. ಒಬ್ಬರು ಹತ್ತಿದ ಮೇಲೆ ಅವರ ತಂಗಿ ಗದ್ದೆಯ ಆಚೆ ಬರುತ್ತಿದ್ದರೆ ಅವಳಿಗೂ ಕಾಯುತ್ತಾರೆ. ಎಲ್ಲಕ್ಕಿಂತ ಹೆಚ್ಚು ಹೊತ್ತು ಹೋಗುವುದು ಗರ್ಡಾಡಿಯ ತಿರುವಿನಲ್ಲಿ. ಅಲ್ಲಿ ಸ್ಟಾಪೇ ಇಲ್ಲ. ತುಕ್ರಪ್ಪಣ್ಣ ಇಂಜಿನ್ ಆಫ್ ಮಾಡಿ, ಇಳಿದು, ಕ್ಯಾನ್ ತೆಗೆದು ರೇಡಿಯೇಟರಿಗೆ ನೀರು ಹಾಕುತ್ತಾರೆ. ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ಅದು ಮೊದಲೇ ತುಂಬಿತ್ತು, ಹಾಕಿದ ನೀರು ಹೊರಗೆ ಚೆಲ್ಲುತ್ತಿತ್ತು. ಬೆಳಿಗ್ಗೆ ಹೊರಡುವಾಗಲೇ ಹಾಕಿಕೊಂಡರೆ ಆಗದಾ?

ನಮ್ಮ ಲೆಕ್ಚರರ್ ಹೋದ ವಾರ ಬೋರ್ಡಿನಲ್ಲಿ ಎರಡು ಪದ ಬರೆದರು, ದಕ್ಷತೆ ಮತ್ತು ಪರಿಣಾಮಕಾರಿತ್ವ. ಕಡಿಮೆ ಹೊತ್ತು, ಕಡಿಮೆ ಡೀಸೆಲ್, ಕಡಿಮೆ ಶ್ರಮದಲ್ಲಿ ಕೆಲಸ ಮುಗಿಯುವುದು ದಕ್ಷತೆಯಂತೆ. ಎರಡನೆಯದನ್ನು ಮುಂದಿನ ಪಾಠದಲ್ಲಿ ಹೇಳುತ್ತಾರೆ. ಈಗ ನಮಗೆ ಬೇಕಾದದ್ದು ಮೊದಲನೆಯದು.

ಪರ್ಮಿಟಿನಲ್ಲಿ ಇರುವ ಸ್ಟಾಪುಗಳಲ್ಲಿ ಮಾತ್ರ ನಿಲ್ಲಿಸಲಿ. ಯಾರಿಗೂ ಕಾಯುವುದು ಬೇಡ. ಹೊಸ ಚಾರ್ಟ್ ಮಾಡಿ ಇದರೊಟ್ಟಿಗೆ ಇಟ್ಟಿದ್ದೇನೆ. ಹೀಗೆ ಓಡಿದರೆ ಸಂಜೆ ಲಾಯಿಲಕ್ಕೆ ಇನ್ನೊಂದು ಟ್ರಿಪ್ ಕೂಡ ಮಾಡಬಹುದು. ಪರ್ಮಿಟ್ ಮಾರುವುದು ಬೇಡ ಉಮ್ಮಾ. ಬಾಪನ ಬಸ್ಸನ್ನು ನೀವೇ ನಡೆಸಬಹುದು.

ನಿಮ್ಮ ಫಾಹಿಮಾ

&nbsp;

ಗುರುವಾಯನಕೆರೆ
9 ಆಗಸ್ಟ್ 1998

ಮಗಳೇ,

ನೀನು ಹೇಳಿದಂತೆ ಮಾಡಿದೆ. ತುಕ್ರಪ್ಪಣ್ಣನನ್ನು ಮನೆಗೆ ಕರೆದು ಚಹಾ ಕೊಟ್ಟು ಚಾರ್ಟನ್ನು ಓದಿ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು. ಸ್ಟಾಪುಗಳ ಹೆಸರು ಮುಗಿದ ಮೇಲೆ, "ಗರ್ಡಾಡಿ ತಿರುವು ಇಲ್ಲವಾ ಜುಲೈಕಾಕ್ಕ?" ಎಂದರು.

"ಅಲ್ಲಿ ಸ್ಟಾಪಿಲ್ಲವಲ್ಲ. ಏರು ಹತ್ತಿದ ಮೇಲೆ ಶಾಲೆಯ ಹತ್ತಿರ ಉಂಟು" ಎಂದೆ.

"ಬಸ್ಸು ಬಿಸಿಯಾಗ್ತದೆ ಅಲ್ಲಿ."

"ಫಾಹಿಮಾ ನೋಡಿದ್ದಾಳೆ. ನೀರು ಚೆಲ್ತದಂತೆ."

ಅವರು ನನ್ನ ಮುಖ ನೋಡಿದರು. ಏನೋ ಹೇಳುತ್ತಾರೆ ಎಂದುಕೊಂಡೆ. ಹೆಗಲಿನ ಬೈರಾಸು ಟವೆಲನ್ನು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡು, "ಆಯ್ತು. ನೀವು ಹೇಳಿದ ಹಾಗೆ" ಎಂದು ಎದ್ದರು. ಚಹಾ ಅರ್ಧ ಹಾಗೇ ಉಳಿದಿತ್ತು.

ಆ ದಿನದಿಂದ ಬಸ್ಸು ಹೊತ್ತಿಗೆ ಸರಿಯಾಗಿ ಓಡುತ್ತಿದೆ.

ನಿನ್ನ ಉಮ್ಮ

&nbsp;

ಮೂಡಬಿದಿರೆ
11 ಅಕ್ಟೋಬರ್ 1998

ಉಮ್ಮಾ,

ನಿಮ್ಮ ಕಾಗದವಿಲ್ಲದೆ ಎರಡು ತಿಂಗಳಾಯಿತು. ಬಸ್ಸು ಮಾತ್ರ ದಿನವೂ ಕಾಣುತ್ತದೆ. ಕಾಲೇಜಿನ ಬೆಲ್ಲಿಗೆ ಎಷ್ಟೋ ಮುಂಚೆ ಬಂದು ನಿಂತಿರುತ್ತದೆ. ವೇಣೂರಿನ ಹುಡುಗಿಯರು ಈಗ ಓಡುತ್ತಾ ಬರುವುದಿಲ್ಲ. ನನ್ನ ಚಾರ್ಟನ್ನು ಲೆಕ್ಚರರಿಗೆ ತೋರಿಸಿದೆ. ಅವರು ಇಡೀ ಕ್ಲಾಸಿಗೆ ಓದಿ ಹೇಳಿ, "ಪುಸ್ತಕ ಓದಿ ಬಸ್ಸು ಸರಿಮಾಡಿದ್ದಾಳೆ ನೋಡಿ" ಎಂದರು. ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ತುಕ್ರಪ್ಪಣ್ಣ ಮಾತ್ರ ನನ್ನನ್ನು ಕಂಡರೆ ಮೊದಲಿನ ಹಾಗೆ "ಎಂತ ಮಾರಾಯ್ತಿ, ಓದು ಮುಗೀಲಿಲ್ಲವಾ?" ಎನ್ನುವುದಿಲ್ಲ. ಸುಮ್ಮನೆ ತಲೆ ಆಡಿಸುತ್ತಾರೆ. ನನ್ನ ಮೇಲೆ ಸಿಟ್ಟು ಉಂಟಾ?

ಸಂಜೆಯ ಟ್ರಿಪ್ ಹೇಗೆ ನಡೆಯುತ್ತಿದೆ? ಬರೆಯಿರಿ.

ಫಾಹಿಮಾ

&nbsp;

ಗುರುವಾಯನಕೆರೆ
22 ನವೆಂಬರ್ 1998

ಮಗಳೇ,

ಬರೆಯಬೇಕೆಂದು ಕೂತರೆ ಕಣ್ಣು ಮುಚ್ಚಿಹೋಗುತ್ತದೆ. ಸಂಜೆಯ ಟ್ರಿಪ್ ನಡೆಯುತ್ತಿದೆ. ಅದು ಬರುವವರೆಗೆ ನಾನೂ ಎದ್ದಿರಬೇಕು. ಮೊಣಕಾಲು ನೋವು ಮಳೆ ನಿಂತರೂ ನಿಂತಿಲ್ಲ.

ಸಾರಿಗೆ ಕಚೇರಿಯವರು ನೋಟಿಸು ಕೈಬಿಟ್ಟಿದ್ದಾರೆ. ಶುಕೂರಾಕ ಬಂದು ಚಹಾ ಕುಡಿದು, ಪರ್ಮಿಟಿನ ಮಾತೆತ್ತದೆ ಎದ್ದುಹೋದರು. ಅಷ್ಟರಮಟ್ಟಿಗೆ ನೀನು ಮಾಡಿದ್ದು ದೊಡ್ಡ ಉಪಕಾರ.

ಗರ್ಡಾಡಿಯ ಖತೀಜಮ್ಮ ಒಮ್ಮೆ ಬಂದಿದ್ದರು. ಸುಮ್ಮನೆ ಮಾತಾಡಿ ಹೋದರು.

ತುಕ್ರಪ್ಪಣ್ಣನಿಗೆ ಸಿಟ್ಟಿಲ್ಲ. ವಯಸ್ಸಾಯಿತಲ್ಲ ಅವರಿಗೂ.

ಉಮ್ಮ

&nbsp;

ಮೂಡಬಿದಿರೆ
2 ಫೆಬ್ರವರಿ 1999

ಉಮ್ಮಾ,

ಪೆರ್ನಾಲ್ ಹಬ್ಬಕ್ಕೆ ಮನೆಗೆ ಬಂದಾಗ ನಾವು ಎಷ್ಟೊಂದು ಮಾತಾಡಿದೆವು. ಈ ಒಂದು ವಿಷಯ ನೀವು ಹೇಳಲಿಲ್ಲ.

ಖತೀಜಮ್ಮನ ಮಗಳು ಸಬೀಹಾ, ಊರುಗೋಲು ಹಿಡಿದು ನಡೆಯುವವಳು. ಚಿಕ್ಕವಳಿದ್ದಾಗ ಪೋಲಿಯೋ ಆದವಳು. ಇಲ್ಲಿ ನಮ್ಮ ಕಾಲೇಜಿನ ಹಿಂದಿನ ರಸ್ತೆಯಲ್ಲಿ ಹೊಲಿಗೆ ಕಲಿಯಲು ಬರುತ್ತಿದ್ದಳು. ದಾರಿಯಲ್ಲಿ ಸಿಕ್ಕಿದಾಗೆಲ್ಲ ಇಬ್ಬರೂ ಮಾತಾಡುತ್ತಿದ್ದೆವು. ಬಹಳ ದಿನದಿಂದ ಕಾಣಲಿಲ್ಲ ಎಂದು ಮೊನ್ನೆ ಹೊಲಿಗೆಯ ಟೀಚರನ್ನು ಕೇಳಿದೆ. "ಅವಳು ಮಳೆಗಾಲದಲ್ಲೇ ಬಿಟ್ಟಾಯ್ತಲ್ಲ, ಬಸ್ಸು ಸಿಗುವುದಿಲ್ಲ ಅಂತ" ಎಂದರು. ಭಾನುವಾರ ಗರ್ಡಾಡಿಗೆ ಹೋದೆ.

ಮನೆಯಲ್ಲಿ ಬೀಡಿ ಕಟ್ಟುತ್ತಾ ಕೂತಿದ್ದಳು. ಬೇಗ ಹೊರಡಬಹುದಿತ್ತಲ್ಲ ಎಂದು ಕೇಳಿದೆ. ಕೇಳಬಾರದಿತ್ತು.

"ಹೊರಟೆ. ತೋಡು ದಾಟುವಾಗ ಕೋಲು ಕೆಸರಿಗೆ ಹೂತುಹೋಗ್ತದೆ. ಆಮೇಲೆ ಶಾಲೆಯವರೆಗೆ ಏರು. ಒಂದು ದಿನ ಬಸ್ಸು ಸಿಕ್ಕಿದರೆ ಎರಡು ದಿನ ಇಲ್ಲ" ಎಂದಳು.

ಕಟ್ಟಿದ ಬೀಡಿಯನ್ನು ತಟ್ಟೆಗೆ ಹಾಕಿ ಅವಳೇ ಹೇಳಿದಳು: "ನನಗೆ ಗೊತ್ತೇ ಇರಲಿಲ್ಲ ಫಾಹಿಮಾ. ತಿರುವು ಅಂದರೆ ಬಸ್ಸಿಗೆ ನೀರು ಹಾಕುವ ಜಾಗ ಅಂದುಕೊಂಡಿದ್ದೆ. ನಾನು ಮುಟ್ಟುವಾಗ ತುಕ್ರಪ್ಪಣ್ಣ ಕ್ಯಾನ್ ಮುಚ್ಚುತ್ತಾ ಇರ್ತಿದ್ದರು. ಇವತ್ತೂ ಸರಿಯಾದ ಹೊತ್ತಿಗೆ ಬಂದೆ ಅಂತ ದಿನಾ ಖುಷಿಯಾಗ್ತಿತ್ತು. ಒಂದು ದಿನ ಬಸ್ಸು ನನ್ನೆದುರೇ ನಿಲ್ಲದೆ ಹೋಯ್ತು. ಆಗ ಗೊತ್ತಾಯ್ತು, ಅಷ್ಟು ಕಾಲ ಬಸ್ಸಿಡೀ ಜನ ನನಗಾಗಿ ಕಾದು ಕೂತಿದ್ದರು ಅಂತ."

ನಾಳೆಯಿಂದ ನಿಲ್ಲಿಸಲು ಹೇಳುತ್ತೇನೆ ಎಂದೆ. "ಬೇಡ. ಗೊತ್ತಾದ ಮೇಲೆ ಹತ್ತಲಿಕ್ಕೆ ಆಗುವುದಿಲ್ಲ. ನನಗಾಗಿ ಯಾರೂ ಕಾಯುವುದು ಬೇಡ" ಎಂದು ಬೀಡಿಯ ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡಳು.

ಖತೀಜಮ್ಮ ನಮ್ಮ ಮನೆಗೆ ಬಂದದ್ದು ಸುಮ್ಮನೆ ಅಲ್ಲ ಅಲ್ಲವಾ? ನಿಮಗೆ ಗೊತ್ತಿತ್ತಾ ಉಮ್ಮಾ?

ಫಾಹಿಮಾ

&nbsp;

ಗುರುವಾಯನಕೆರೆ
10 ಫೆಬ್ರವರಿ 1999

ಮಗಳೇ,

ಗೊತ್ತಿತ್ತು.

ಖತೀಜಮ್ಮ ಬಂದು, "ನಿಮ್ಮ ಡ್ರೈವರಿಗೆ ಒಂದು ಮಾತು ಹೇಳಿ" ಎಂದರು. ನೋಡುತ್ತೇನೆ ಎಂದೆ. ಆ ವಾರವೇ ಸಾರಿಗೆ ಕಚೇರಿಯವರು ಬಸ್ಸಿನ ಹೊತ್ತು ಪರೀಕ್ಷಿಸಲು ಬರುವವರಿದ್ದರು. ಅದು ಮುಗಿಯಲಿ ಎಂದುಕೊಂಡೆ. ಮುಗಿದ ಮೇಲೆ ಇನ್ನೊಂದು ಬಂತು. ನಿನಗೆ ಬರೆದರೆ ನೀನು ಮಾಡಿದ ಕೆಲಸದ ಮೇಲೆ ನೀರು ಎರಚಿದ ಹಾಗಾಗುತ್ತದೆ ಎಂದೂ ಅನಿಸಿತು. ಹೆಚ್ಚು ವಿವರಿಸಲು ನನ್ನಿಂದ ಆಗುವುದಿಲ್ಲ.

ನಿನ್ನ ಕಾಗದ ಓದಿದ ಸಂಜೆ ತುಕ್ರಪ್ಪಣ್ಣನನ್ನು ಕೇಳಿದೆ. ಆ ದಿನವೇ ಯಾಕೆ ಹೇಳಲಿಲ್ಲ ಎಂದೆ.

"ಹೇಳಿದರೆ ನೀವು ಬೇಡ ಅಂತಿರಲಿಲ್ಲ. ಆದರೆ ನಾಲ್ಕು ಜನರ ಬಾಯಿಗೆ ಬಿದ್ದು ಆ ಹುಡುಗಿಗೆ ಗೊತ್ತಾಗ್ತಿತ್ತು. ಅದಕ್ಕೇ ನೀರಿನ ನೆಪ ಮಾಡ್ತಿದ್ದದ್ದು" ಎಂದರು.

"ನಾಳೆಯಿಂದ ಮೊದಲಿನ ಹಾಗೆ ನಿಲ್ಲಿಸಿ."

"ಇನ್ನು ನನ್ನಿಂದ ಆಗುವುದಿಲ್ಲ ಜುಲೈಕಾಕ್ಕ. ನಿಲ್ಲಿಸಿದರೆ ಹಿಂದಿನ ಬಸ್ಸಿನವನು ಹಾರ್ನ್ ಹಾಕ್ತಾನೆ, ಒಳಗಿನ ಮಕ್ಕಳು ಗಡಿಯಾರ ನೋಡ್ತಾರೆ. ಅವರದ್ದೂ ತಪ್ಪಲ್ಲ. ಪರೀಕ್ಷೆ ತಪ್ಪಿದ ಹುಡುಗಿಯ ಮುಖ ನನಗೂ ನೆನಪುಂಟು."

ಅವರು ಹೋದ ಮೇಲೆ ನಾನು ತುಂಬ ಹೊತ್ತು ಜಗಲಿಯಲ್ಲೇ ಕೂತಿದ್ದೆ. ನಿಂತರೂ ತಪ್ಪು, ನಿಲ್ಲದಿದ್ದರೂ ತಪ್ಪು. ಶುಕೂರಾಕನ ಮಾತೇ ಸರಿಯೋ ಏನೋ. ಯಾರಾದರೂ ಈ ಬಸ್ಸು ತೆಗೆದುಕೊಂಡು ಹೋಗಿ ನನ್ನನ್ನು ಮಲಗಲು ಬಿಟ್ಟರೆ ಸಾಕು ಎನಿಸುತ್ತದೆ.

ಉಮ್ಮ

&nbsp;

ಮೂಡಬಿದಿರೆ
21 ಫೆಬ್ರವರಿ 1999

ಉಮ್ಮಾ,

ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡು ನಾಲ್ಕು ದಿನ ಇದ್ದೆ. ಆಮೇಲೆ ಯೋಚಿಸಿದೆ. ಚಾರ್ಟ್ ಮಾಡಿದವಳು ನಾನು. ಹಿಂದಿನ ಸೀಟಿನಲ್ಲಿ ಕೂತು ಎಲ್ಲವನ್ನೂ ನೋಡಿದೆ, ಯಾಕೆ ನಿಲ್ಲಿಸುತ್ತೀರಿ ಎಂದು ತುಕ್ರಪ್ಪಣ್ಣನನ್ನು ಒಂದು ಮಾತು ಕೇಳಲಿಲ್ಲ. ಆ ದಿನವೂ ಸಬೀಹಾ ಮುಂದಿನ ಬಾಗಿಲಿನಿಂದ ಬಸ್ಸು ಹತ್ತಿರಲೇಬೇಕು. ನಾನು ರೇಡಿಯೇಟರ್ ಕಡೆ ನೋಡುತ್ತಿದ್ದೆ.

ಆ ಎರಡನೆಯ ಪದದ ಪಾಠ ಎಂದೋ ಮುಗಿದಿತ್ತು. ನಾನು ಉತ್ತರ ಬರೆದು ಮಾರ್ಕೂ ತೆಗೆದುಕೊಂಡಿದ್ದೆ. ಕೆಲಸ ಯಾವುದಕ್ಕೆಂದು ಶುರುಮಾಡಿದ್ದೋ ಅದು ಆಯಿತೇ ಎಂದು ನೋಡುವುದು ಪರಿಣಾಮಕಾರಿತ್ವ. ನಮ್ಮ ಬಸ್ಸು ಮೂಡಬಿದಿರೆ ಮುಟ್ಟುವುದು ಕೆಲಸವಾ, ದಾರಿಯ ಜನ ಮೂಡಬಿದಿರೆ ಮುಟ್ಟುವುದು ಕೆಲಸವಾ? ಒಂದನ್ನು ಬಿಟ್ಟು ಇನ್ನೊಂದಾಗುವುದಿಲ್ಲ. ಜನರನ್ನೆಲ್ಲ ಹತ್ತಿಸಿಕೊಂಡೂ ಅವರ ಪರೀಕ್ಷೆ ತಪ್ಪಿದರೆ ಕೆಲಸ ಆದಂತಲ್ಲ.

ಒಂದು ದಾರಿ ತೋರುತ್ತದೆ. ನಿಮಗೆ ಇಷ್ಟವಾಗಲಿಕ್ಕಿಲ್ಲ. ನಮ್ಮ ಟೈಮಿಂಗೇ ಬಿಗಿಯಾಗಿದೆ. ದಾರಿಯಲ್ಲಿ ಎಲ್ಲರನ್ನೂ ಹತ್ತಿಸಿಕೊಂಡು ಆ ಹೊತ್ತಿಗೆ ಮುಟ್ಟಲು ಯಾರಿಂದಲೂ ಆಗದು. ಸಾರಿಗೆ ಕಚೇರಿಯವರು ಏಪ್ರಿಲಿನಲ್ಲಿ ನಡೆಸುವ ಟೈಮಿಂಗ್ ಸಭೆಯಲ್ಲಿ ನಾವೇ ಕೇಳುವ: ನಮಗೆ ಓಡಲು ಹೆಚ್ಚು ಹೊತ್ತು ಕೊಡಿ, ಗರ್ಡಾಡಿ ತಿರುವನ್ನು ಸ್ಟಾಪ್ ಎಂದು ಬರೆಯಿರಿ. ಆಗ ಅಲ್ಲಿ ನಿಲ್ಲುವುದು ಯಾರ ದಯೆಯೂ ಅಲ್ಲ.

ಹೀಗೆ ಮಾಡಿದರೆ ಕಾಲೇಜಿನ ಬೆಲ್ಲಿಗೆ ಮುಂಚೆ ಮುಟ್ಟುವ ಹೊತ್ತು ಶೇಖರಣ್ಣನಿಗೆ ಹೋಗುತ್ತದೆ. ಕಾಲೇಜಿನ ಮಕ್ಕಳೆಲ್ಲ ಅವರ ಬಸ್ಸಿಗೆ ಹೋಗುತ್ತಾರೆ. ಸಂಜೆಯ ಟ್ರಿಪ್ ನಿಲ್ಲಿಸಬೇಕಾಗುತ್ತದೆ. ಶುಕೂರಾಕ ಏನು ಹೇಳುತ್ತಾರೆಂದು ನನಗೆ ಗೊತ್ತು.

ಈ ಸಲ ನಾನು ಚಾರ್ಟ್ ಮಾಡಿಲ್ಲ. ನೀವು ಮತ್ತು ತುಕ್ರಪ್ಪಣ್ಣ ಕೂತು ಮಾತಾಡಿ. ಬೇಡ ಎಂದರೆ ಬೇಡ.

ನಿಮ್ಮ ಫಾಹಿಮಾ

&nbsp;

ಗುರುವಾಯನಕೆರೆ
18 ಏಪ್ರಿಲ್ 1999

ಮಗಳೇ,

ಮೊನ್ನೆ ಮಂಗಳೂರಿಗೆ ಸಭೆಗೆ ಹೋಗಿ ಬಂದೆ. ತುಕ್ರಪ್ಪಣ್ಣ ಜೊತೆಗಿದ್ದರು. ಸಭಾಂಗಣದ ತುಂಬ ಬಸ್ಸಿನ ಮಾಲಕರು, ಹೆಂಗಸು ನಾನೊಬ್ಬಳೇ. ಎಲ್ಲರದ್ದೂ ಒಂದೇ ಜಗಳ: ಅವನಿಗಿಂತ ನನಗೆ ಎರಡು ನಿಮಿಷ ಮುಂದೆ ಕೊಡಿ, ಇವನನ್ನು ಹಿಂದೆ ಹಾಕಿ. ಮಧ್ಯಾಹ್ನದ ಊಟದ ಹೊತ್ತು ದಾಟಿದ ಮೇಲೆ ನಮ್ಮ ಬಸ್ಸಿನ ಹೆಸರು ಕರೆದರು. ಮುಂದಿನ ಕುರ್ಚಿ ಹಿಡಿದು ಎದ್ದು ಮೇಜಿನ ಹತ್ತಿರ ಹೋದೆ.

ಅಧಿಕಾರಿ ಅರ್ಜಿ ಎರಡು ಸಲ ಓದಿದರು. "ಅಮ್ಮಾ, ಇದರಲ್ಲಿ ಏನೋ ತಪ್ಪಾಗಿದೆ. ಎಲ್ಲರೂ ಬೇಗ ಮುಟ್ಟುವ ಟೈಮ್ ಕೇಳ್ತಾರೆ. ನೀವು ತಡವಾಗಿ ಮುಟ್ಟುವುದು ಕೇಳಿದ್ದೀರಿ."

ಹಿಂದಿನಿಂದ ನಗು ಕೇಳಿಸಿತು.

"ತಪ್ಪಲ್ಲ ಸಾರ್" ಎಂದೆ. "ಈಗಿನ ಹೊತ್ತಿಗೆ ಮುಟ್ಟಬೇಕಾದರೆ ಜನರನ್ನು ದಾರಿಯಲ್ಲಿ ಬಿಟ್ಟು ಹೋಗಬೇಕು. ಜನರನ್ನು ಹತ್ತಿಸಿಕೊಂಡರೆ ನಿಮಗೆ ಸುಳ್ಳು ಹೇಳಬೇಕು. ಎರಡನ್ನೂ ಮಾಡಿ ನೋಡಿದೆ. ಎರಡೂ ಸಾಕಾಗಿದೆ."

ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಸಹಿ ಮಾಡಿದರು.

ಹೊರಗೆ ಶೇಖರಣ್ಣ ಕಾದಿದ್ದರು. "ಅಕ್ಕ, ನಿಮಗೆ ಯಾರೋ ತಪ್ಪು ಬುದ್ಧಿ ಹೇಳಿದ್ದಾರೆ. ನಾನು ದೂರು ಕೊಟ್ಟದ್ದು ಹೌದು, ಆದರೆ ಇಷ್ಟು ಬಿಟ್ಟುಕೊಡಿ ಅಂತ ಹೇಳಲಿಲ್ಲ. ಕಾಲೇಜಿನವರು ಪೂರಾ ನನ್ನ ಬಸ್ಸಿಗೆ ಬರ್ತಾರೆ ಇನ್ನು."

"ಬರಲಿ ಶೇಖರಣ್ಣ. ಪರೀಕ್ಷೆಗೆ ಹೋಗುವ ಮಕ್ಕಳು ನಿಮ್ಮದರಲ್ಲೇ ಹೋಗಲಿ. ಬೇಗ ಮುಟ್ಟಿಸಿ" ಎಂದೆ. ಅವರು ಒಂದು ಎಳನೀರು ಕುಡಿಸಿ ಕಳಿಸಿದರು.

ಹೊಸ ಟೈಮಿಂಗ್ ಜೂನ್ ಒಂದರಿಂದ. ನೀನು ಪರೀಕ್ಷೆ ಮುಗಿಸಿ ಬಾ.

ಉಮ್ಮ

&nbsp;

ಗುರುವಾಯನಕೆರೆ
20 ಜೂನ್ 1999

ಪ್ರೀತಿಯ ಫಾಹಿಮಾ,

ರಜೆ ಮುಗಿಸಿ ನೀನು ಹೋದ ಮರುದಿನವೇ ಗರ್ಡಾಡಿಗೆ ಹೋದೆ. ಸಬೀಹಾ ಜಗಲಿಯಲ್ಲಿದ್ದಳು. ತಿರುವಿನಲ್ಲಿ ಈಗ ಸ್ಟಾಪ್ ಆಗಿದೆ, ಬಸ್ಸು ಏಳು ಇಪ್ಪತ್ತಕ್ಕೆ ಅಲ್ಲಿಂದ ಹೊರಡುತ್ತದೆ ಎಂದೆ.

"ಯಾರಿಗಾಗಿ?" ಎಂದು ಕೇಳಿದಳು.

"ಯಾರಿಗಾಗಿಯೂ ಅಲ್ಲ. ನಿಮ್ಮ ಆಚೆಮನೆಯ ರಾಜೀವಿ ಹತ್ತುತ್ತಾಳೆ, ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗುವ ಸೇಸಮ್ಮ ಹತ್ತುತ್ತಾಳೆ. ನೀನು ಬಂದರೂ ಅಷ್ಟೆ, ಬರದಿದ್ದರೂ ಅಷ್ಟೆ. ಏಳು ಇಪ್ಪತ್ತಕ್ಕಿಂತ ಮುಂಚೆ ಹೊರಟರೆ ನಮಗೇ ದಂಡ."

ಅವಳು ಬೀಡಿಯ ಎಲೆ ಕತ್ತರಿಸುತ್ತಾ ಇದ್ದಳು. ನಾನು ಬಂದುಬಿಟ್ಟೆ.

ಎರಡು ವಾರ ಅವಳು ಬರಲಿಲ್ಲ. ಕಾಲೇಜಿನ ಮಕ್ಕಳು ಶೇಖರಣ್ಣನ ಬಸ್ಸಿಗೆ ಹೋದರು. ನಮ್ಮ ಬಸ್ಸಿನಲ್ಲಿ ಅರ್ಧ ಸೀಟು ಖಾಲಿ. ತುಕ್ರಪ್ಪಣ್ಣ ತಿರುವಿನಲ್ಲಿ ಸ್ಟೇರಿಂಗ್ ಮೇಲೆ ಕೈಯಿಟ್ಟು ಹೊತ್ತಾಗುವವರೆಗೆ ಕೂತಿರುತ್ತಿದ್ದರು, ಇಳಿಯುತ್ತಲೂ ಇರಲಿಲ್ಲ. ಶುಕೂರಾಕ ಬಂದು, "ಖಾಲಿ ಬಸ್ಸು ಓಡಿಸ್ಲಿಕ್ಕೆ ಮಗಳನ್ನು ಕಾಲೇಜಿಗೆ ಕಳಿಸಿದ್ದಾ?" ಎಂದು ಕೇಳಿ ಹೋದರು. ಹೀಗೆ ಎಷ್ಟು ದಿನ ನಡೆಸಬಹುದೋ ಗೊತ್ತಿಲ್ಲ. ಸಂಜೆಯ ಟ್ರಿಪ್ ನಿಂತದ್ದರಿಂದ ಮಗ್ರಿಬ್ ನಮಾಜಿನ ನಂತರ ಸ್ವಲ್ಪ ಕಾಲು ಚಾಚಿ ಮಲಗುತ್ತೇನೆ, ಅದೊಂದು ಲಾಭ.

ನಿನ್ನೆಯದನ್ನು ಬರೆಯಲೆಂದೇ ಇವತ್ತು ಕೂತದ್ದು. ಲಾಯಿಲದಲ್ಲೇ ಟಯರ್ ಪಂಚರ್ ಆಯಿತಂತೆ. ಜೋರು ಮಳೆ. ಗರ್ಡಾಡಿ ತಿರುವು ಮುಟ್ಟುವಾಗ ಏಳು ಇಪ್ಪತ್ತು ದಾಟಿ ಎಷ್ಟೋ ಹೊತ್ತಾಗಿತ್ತು. ರಾಜೀವಿ, ಸೇಸಮ್ಮ ಕೊಡೆ ಹಿಡಿದು ನಿಂತಿದ್ದರು. ಅವರ ಮುಂದೆ ಸಬೀಹಾ, ಸೆರಗೆಲ್ಲ ಒದ್ದೆ. ಬಾಗಿಲ ಹತ್ತಿರ ಕೋಲು ಊರಿ ನಿಂತು, ಹತ್ತುವ ಮೊದಲೇ ಶುರುಮಾಡಿದಳಂತೆ:

"ಎಂತ ತುಕ್ರಪ್ಪಣ್ಣ, ಏಳು ಇಪ್ಪತ್ತು ಅಂತ ಹೇಳಿದ್ದು ಯಾರು? ಎಷ್ಟು ಹೊತ್ತು ಕಾಯಬೇಕು ನಾನು? ನನಗೆ ಕ್ಲಾಸಿಲ್ಲವಾ?"

"ಟಯರ್ ಪಂಚರ್ ಮಾರಾಯ್ತಿ."

"ಅದು ನಿಮ್ಮ ಕಷ್ಟ. ನಾಳೆ ಸರಿಯಾಗಿ ಬನ್ನಿ."

ತುಕ್ರಪ್ಪಣ್ಣ ಸಂಜೆ ಬಂದು ಇದನ್ನು ನನಗೆ ಎರಡು ಸಲ ಹೇಳಿದರು, ಅವಳ ಹಾಗೆಯೇ ದನಿ ಮಾಡಿ. ಹೇಳುತ್ತಾ ಹೇಳುತ್ತಾ ಅವರಿಗೆ ನಗು ತಡೆಯಲಾಗಲಿಲ್ಲ. ಚಹಾ ಪೂರ್ತಿ ಕುಡಿದು, ಇನ್ನೊಂದು ಲೋಟ ಕೇಳಿ ಕುಡಿದರು.

ಇವತ್ತು ಭಾನುವಾರ, ಅವಳಿಗೆ ಕ್ಲಾಸಿಲ್ಲ. ಆದರೂ ತುಕ್ರಪ್ಪಣ್ಣ ಹೊರಡುವ ಹೊತ್ತಿಗಿಂತ ಎಷ್ಟೋ ಮುಂಚೆ ಬಂದು ಟಯರುಗಳನ್ನೆಲ್ಲ ಬಡಿದು ನೋಡಿ ಬಸ್ಸು ತೆಗೆದುಕೊಂಡು ಹೋಗಿದ್ದಾರೆ. ಮನೆ ಈಗ ನಿಶ್ಶಬ್ದ. ನಾನು ಸ್ವಲ್ಪ ಮಲಗುತ್ತೇನೆ.

ನಿನ್ನ ಉಮ್ಮ,
ಜುಲೈಕಾ